ಎರಡಕ್ಕೆ ಹೊರಟು ಐದಕ್ಕೆ ಇಳಿದರೆ ಮೂರೇ ಗಂಟೆನಾ?

ಪ್ರಶ್ನೆ: ಜನವರಿಯಲ್ಲಿ ನಾನೂ ನಮ್ಮ ಯಜಮಾನರೂ ಸ್ಯಾನ್ ಫ್ರಾನ್ಸಿಸ್ಕೋಗೆ, ಮಗನ ಮನೆಗೆ ಹೊರಟಿದ್ದೇವೆ. ಬೆಂಗಳೂರಿನಿಂದ ಶನಿವಾರ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಳಿಯುವುದು ಅಂತ ಟಿಕೆಟ್ಟಿನಲ್ಲಿದೆ. ಬರುವಾಗ ಮಾತ್ರ ಶನಿವಾರ ರಾತ್ರಿ 8.30ಕ್ಕೆ ಹೊರಟರೆ ಸೋಮವಾರ ಬೆಳಗಿನ ಜಾವ 3.30! ದೂರ ಹುಡುಕಿದರೆ ಒಂದು ಕಡೆ 14,000, ಇನ್ನೊಂದು ಕಡೆ 8,700, ಮತ್ತೊಂದು ಕಡೆ 7,550. ಯಾವುದನ್ನು ನಂಬುವುದು?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಎಲ್ಲವನ್ನೂ ನಂಬಿ. ದೂರ ಒಂದೇ, ಅಳತೆ ಬೇರೆ. 14,000 ಅನ್ನುವುದು ಕಿಲೋಮೀಟರ್, 8,700 ಮೈಲಿ, 7,550 ವಿಮಾನದವರು ಬಳಸುವ ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ.

ಇನ್ನು ಸಮಯ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ನಮ್ಮ ಗಡಿಯಾರದ್ದು, ಇಳಿಯುವ ಹೊತ್ತು ಅವರ ಗಡಿಯಾರದ್ದು. ಜನವರಿಯಲ್ಲಿ ಅವರು ನಮಗಿಂತ 13.30 ಗಂಟೆ ಹಿಂದೆ. ಅವರ ಸಂಜೆ 5ಕ್ಕೆ ಇಲ್ಲಿ ಭಾನುವಾರ ಬೆಳಿಗ್ಗೆ 6.30. ಅಂದರೆ ಪ್ರಯಾಣ ಹದಿನಾರೂವರೆ ಗಂಟೆ. ಬರುವಾಗಿನದನ್ನೂ ಹೀಗೇ ಲೆಕ್ಕ ಹಾಕಿ: ಅವರ ರಾತ್ರಿ 8.30 ನಮಗೆ ಭಾನುವಾರ ಬೆಳಿಗ್ಗೆ 10. ಅಲ್ಲಿಂದ ಹದಿನೇಳೂವರೆ ಗಂಟೆ.

ದೂರ ಅಷ್ಟೇ ಇದ್ದರೂ ಬರುವಾಗ ಒಂದು ಗಂಟೆ ಜಾಸ್ತಿ ಯಾಕೆ? ಗಾಳಿಯಿಂದ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದರ ಆರ್ಭಟ ಇನ್ನೂ ಹೆಚ್ಚು, ಗಂಟೆಗೆ 200 ಕಿ.ಮೀ. ದಾಟುವುದೂ ಉಂಟು. ಹೋಗುವಾಗ ಜಪಾನ್ ಕಡೆಯಿಂದ ಪೆಸಿಫಿಕ್ ಮೇಲೆ ಹಾದರೆ ಅದು ಹಿಂದಿನಿಂದ ತಳ್ಳುತ್ತದೆ. ಬರುವಾಗ ಎದುರಿಗೆ ಬೀಸುತ್ತದೆ.

ದಾರಿಯ ಕಥೆ ಇನ್ನೂ ಸೊಗಸು. ಮೊಮ್ಮಕ್ಕಳ ಗ್ಲೋಬ್ ಇದ್ದರೆ ಎರಡು ಊರಿಗೂ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ಅದು ಸಮುದ್ರದ ಮೇಲೆ ನೇರವಾಗಿ ಹೋಗುವುದಿಲ್ಲ. ನೇಪಾಳ, ಟಿಬೆಟ್, ಸೈಬೀರಿಯಾ ಹತ್ತಿ, ಆರ್ಕ್ಟಿಕ್ ವೃತ್ತ ದಾಟಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಆ 14,000 ಕಿ.ಮೀ. ಈ ದಾರದ ಉದ್ದ. ವಿಮಾನ ಮಾತ್ರ ಈ ಗೆರೆಯನ್ನೇ ಹಿಡಿದು ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ, ಅಂದರೆ ಮೂರು ಕಿ.ಮೀ. ಎತ್ತರಕ್ಕೆ ಇಳಿಯಬೇಕು. ಟಿಬೆಟ್ಟಿನ ನೆಲವೇ ನಾಲ್ಕು ಕಿ.ಮೀ.ಗಿಂತ ಎತ್ತರ! ಎಲ್ಲಿಗೆ ಇಳಿಯುವುದು? ಅದಕ್ಕೇ ಸಾಮಾನ್ಯವಾಗಿ ಆ ಪ್ರದೇಶವನ್ನು ಬಳಸಿಕೊಂಡು ಹೋಗುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತವರ ಮಹಿಳಾ ತಂಡ ಉತ್ತರ ಧ್ರುವದ ದಾರಿಯಲ್ಲೇ ಬೆಂಗಳೂರಿಗೆ ತಂದಿತ್ತು. ಅವರೂ 9ರ ರಾತ್ರಿ ಹೊರಟು 11ರ ಬೆಳಗಿನ ಜಾವ ಇಳಿದವರು.

ಗಂಟೆಗೆ 900 ಕಿ.ಮೀ. ವೇಗ ಅಂತ ಹಿಡಿದು ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ, ಅಲ್ವಾ? ಮಿಕ್ಕಿದ್ದು ಈ ಸುತ್ತು ಮತ್ತು ರನ್‌ವೇವರೆಗಿನ ಓಡಾಟ. ಟಿಕೆಟ್ಟಿನ ಸಮಯದಲ್ಲಿ ಅದೂ ಸೇರಿರುತ್ತದೆ.

ನಿಮಗೊಂದು ಅನುಕೂಲ ಇದೆ. ದೇವನಹಳ್ಳಿ ವಿಮಾನ ನಿಲ್ದಾಣ ಜಯನಗರದವರಿಗಿಂತ ನಿಮಗೇ ಹತ್ತಿರ, ಹೆಬ್ಬಾಳದ ಟ್ರಾಫಿಕ್ ಕಾಟವೂ ಇಲ್ಲ. ಹಾಗಂತ ಸುಮ್ನೆ ತಡ ಮಾಡಬೇಡಿ, 11ಕ್ಕೆಲ್ಲ ಅಲ್ಲಿರಿ. ಮತ್ತೆ, ಬರುವಾಗಿನ ಟ್ಯಾಕ್ಸಿಯವರಿಗೆ ‘ಸೋಮವಾರ ರಾತ್ರಿ’ ಅನ್ನಬೇಡಿ. ‘ಭಾನುವಾರ ರಾತ್ರಿ ಕಳೆದು ಬೆಳಗಿನ ಜಾವ ಮೂರೂವರೆ’ ಅನ್ನಿ. ಇಲ್ಲದಿದ್ದರೆ ಅವರು ಬರುವುದು ಒಂದು ದಿನ ತಡವಾಗಿ.