ಸರಾಸರಿ ಮೂರು ಡೆಸಿಬಲ್, ಬೆಳಗಿನ ಐದು ಗಂಟೆ

ಪ್ರಶ್ನೆ: ನಮ್ಮ ಮನೆ ಕ್ವಾರಿ ರಸ್ತೆಯಿಂದ ಹತ್ತೇ ಮೀಟರ್. ಕ್ವಾರಿಯನ್ನು ಈಗ ವಿಸ್ತರಿಸುತ್ತಾರಂತೆ. ದಿನಕ್ಕೆ 60 ಸಲ ಹಾಯುವ ಟಿಪ್ಪರ್‌ಗಳು 120 ಸಲ ಹಾಯಲಿವೆ. ಮೊದಲ ಗಾಡಿ ಬೆಳಿಗ್ಗೆ 7ರ ಬದಲು 5ಕ್ಕೇ ಬರುತ್ತದೆ, 6ರೊಳಗೆ 20 ಗಾಡಿ. '24 ಗಂಟೆಯ ಸರಾಸರಿ ಸದ್ದು 53ರಿಂದ 56 ಡೆಸಿಬಲ್‌ಗೆ ಏರುತ್ತದೆ, ಗಮನಾರ್ಹವಲ್ಲ' ಎನ್ನುತ್ತದೆ ವರದಿ. ರಸ್ತೆ ಕಡೆಯ ಕೋಣೆಯಲ್ಲಿ ಮಲಗುವ ನಮ್ಮತ್ತೆಗೆ ಒಮ್ಮೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಮೂರು ಡೆಸಿಬಲ್ ಅಂದರೆ ನಿಜಕ್ಕೂ ಏನೂ ಅಲ್ಲವೇ?

ಉತ್ತರ: ವರದಿಯ ಲೆಕ್ಕದಲ್ಲಿ ತಪ್ಪಿಲ್ಲ. ಗಾಡಿಗಳು ಎರಡರಷ್ಟಾದರೆ ಸರಾಸರಿ ಏರುವುದು 3 ಡೆಸಿಬಲ್ ಮಾತ್ರ, ಯಾಕೆಂದರೆ ಡೆಸಿಬಲ್ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಆದರೆ ನಿಮ್ಮತ್ತೆಯವರು 24 ಗಂಟೆಯ ಸರಾಸರಿಯಲ್ಲಿ ಮಲಗುವುದಿಲ್ಲವಲ್ಲ! ವರದಿಯ ಅಂಕಿಗಳನ್ನೇ ಹಿಡಿದು ಆ ಒಂದು ಗಂಟೆಯನ್ನು ಬಿಡಿಸಿ ನೋಡಿದೆ. 5ರಿಂದ 6ರ ಸರಾಸರಿ ಸುಮಾರು 62ಕ್ಕೆ ಬರುತ್ತದೆ. ಈಗ ಆ ಹೊತ್ತಿನಲ್ಲಿ ನಿಮ್ಮಲ್ಲಿ 35ರ ಆಸುಪಾಸು ಇದೆ ಎಂದಿಟ್ಟುಕೊಂಡರೆ ಏರಿಕೆ 27. ಪ್ರತಿ 10 ಡೆಸಿಬಲ್‌ಗೆ ಸದ್ದು ಕಿವಿಗೆ ಇಮ್ಮಡಿಯಾದಂತೆ ಕೇಳುತ್ತದೆ. 3 ಎಲ್ಲಿ, 27 ಎಲ್ಲಿ?

ಹೊತ್ತು ನೋಡದೆ ಸದ್ದು ಅಳೆಯುವ ತಪ್ಪನ್ನು ನಾನೂ ಮಾಡಿದ್ದೇನೆ. ಸದ್ದು ಅಳೆಯುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಒಂದು ಮನೆಯ ಮುಂದೆ ಬೆಳಿಗ್ಗೆ ಹತ್ತಕ್ಕೆ ಮೀಟರ್ ನಿಲ್ಲಿಸಿದ್ದೆ. ಮನೆಯ ಹಿರಿಯರು, 'ಎಲ್ಲ ಹೋದ ಮೇಲೆ ಬಂದಿದ್ದೀಯಲ್ಲಪ್ಪ' ಎಂದರು. ಮರುದಿನ ನಾಲ್ಕೂವರೆಗೇ ಹೋಗಿ ಅವರ ಮಂಚದ ಪಕ್ಕ ಕೂತೆ. ಗೋಡೆ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ. ಮೊದಲ ಟಿಪ್ಪರ್ ಬಂತು, ಖಾಲಿ. ರಸ್ತೆಯ ಗುಂಡಿಗೆ ಚಕ್ರ ಬಿದ್ದದ್ದೇ ತಡ, ಗಾಡಿಯ ಹಿಂಬಾಗಿಲು ಧಡಾರನೆ ಬಡಿಯಿತು, ಅಲಮಾರಿನ ಗಾಜು ಝಲ್ಲೆಂದಿತು. ಮಲಗಿದ್ದವರು ಮಾತಾಡಲಿಲ್ಲ, ಬರೀ ಮಗ್ಗುಲು ಬದಲಿಸಿದರು. ಲೋಡ್ ಗಾಡಿಗಿಂತ ಖಾಲಿ ಗಾಡಿಯೇ ಹೀಗೆ ಹೆಚ್ಚು ಕಾಡುತ್ತದೆ ಎಂದು ಅವತ್ತು ತಿಳಿಯಿತು. ಯಾವ ಸರಾಸರಿಯಲ್ಲೂ ಆ ಧಡಾರ್ ಕಾಣುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ನಿದ್ದೆಯ ಮಾತು ಬಂದಾಗ ಸರಾಸರಿಯ ಜೊತೆಗೆ ಒಂದೊಂದು ಸದ್ದನ್ನೂ ಎಣಿಸುತ್ತದೆ. ಮಲಗುವ ಕೋಣೆಯೊಳಗೆ ಸರಾಸರಿ 30, ಒಂದು ಸದ್ದಿನ ಗರಿಷ್ಠ ಮಟ್ಟ 45 ಡೆಸಿಬಲ್ ಮೀರಬಾರದು ಎನ್ನುತ್ತದೆ. ಹೊರಗೆ 75 ಮುಟ್ಟುವ ಟಿಪ್ಪರ್, ಕಿಟಕಿ ಸ್ವಲ್ಪ ತೆರೆದಿದ್ದರೆ ಒಳಗೆ 60ರ ಹತ್ತಿರ ಕೇಳುತ್ತದೆ. ಹಾಗಾಗಿ ಗಂಟೆವಾರು ಸರಾಸರಿ, ಆ ಹೊತ್ತಿನಲ್ಲಿ ಈಗಿರುವ ಮಟ್ಟ, ಒಂದು ಗಾಡಿಯ ಗರಿಷ್ಠ ಸದ್ದು, ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ.

ಕ್ವಾರಿಯೊಳಗಿನ ಸದ್ದಿಗೂ ಒಂದು ಮಾತು. ಗುಂಡಿ ಆಳವಾದ ಮೇಲೆ ಯಂತ್ರಗಳು ಬಂಡೆಯ ಮರೆಗೆ ಹೋಗುತ್ತವೆ. ಹೊಸ ಜಾಗದ ಮೇಲ್ಮಣ್ಣು ತೆಗೆಯುವಾಗ ಆ ಮರೆ ಇರುವುದಿಲ್ಲ, ಸದ್ದು ತಡೆಯುವ ಮಣ್ಣಿನ ದಿಬ್ಬವೂ ಇನ್ನೂ ಎದ್ದಿರುವುದಿಲ್ಲ. ವರದಿ ಯಾವ ಹಂತದ ಸದ್ದನ್ನು ಲೆಕ್ಕ ಹಾಕಿದೆ, ನೋಡಿ. ಒಂದು ಸಾಲು ಮರ ನೆಡುತ್ತೇವೆ ಎಂದರೆ ಒಪ್ಪಬೇಡಿ, ಸದ್ದು ಎಲೆಗಳ ನಡುವೆ ನುಸುಳಿ ಬರುತ್ತದೆ. ರಸ್ತೆಯ ಗುಂಡಿ ಮುಚ್ಚಿಸುವುದು, ಗಾಡಿಯ ಹಿಂಬಾಗಿಲಿಗೆ ರಬ್ಬರ್ ಹಾಕಿಸುವುದು, ಕೀಂ ಕೀಂ ರಿವರ್ಸ್ ಹಾರ್ನ್ ಬದಲು ಭುಸ್ ಎನ್ನುವ ಬಗೆಯದನ್ನು ಕೂರಿಸುವುದು, ಇವು ಕೆಲಸಕ್ಕೆ ಬರುತ್ತವೆ. ಆದರೆ ನಿಮ್ಮ ಮನೆಗೆ ಇವೆಲ್ಲಕ್ಕಿಂತ ಮುಖ್ಯ, ಮೊದಲ ಗಾಡಿ 7ಕ್ಕೇ ಬರಬೇಕು ಎಂಬ ಷರತ್ತು.

ನಾಳೆಯಿಂದಲೇ ಒಂದು ನೋಟ್‌ಬುಕ್ ಇಡಿ. ಗಾಡಿ ಹಾದ ಸಮಯ, ಲೋಡೋ ಖಾಲಿಯೋ, ಯಾವ ಗುಂಡಿಯ ಹತ್ತಿರ ಬಡಿಯಿತು, ಅತ್ತೆಯವರಿಗೆ ಎಚ್ಚರವಾಯಿತೇ, ಇಷ್ಟು ಸಾಕು. ವಿಸ್ತರಣೆಗೆ ಮುಂಚಿನ ದಾಖಲೆ ಆಮೇಲೆ ಎಲ್ಲೂ ಸಿಗುವುದಿಲ್ಲ. ಹದಿನೈದು ದಿನದ ಪುಟಗಳು ತುಂಬಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ವರದಿಯ ಪಕ್ಕದಲ್ಲಿಟ್ಟು ಓದುತ್ತೇನೆ.