32 ಇಂಚಿನ ಎಚ್‌ಡಿ ರೆಡಿ ಟಿವಿ ಸಾಕೇ, 43 ಇಂಚಿನ 4ಕೆ ತಗೊಳ್ಳಬೇಕೇ?

ಮೊದಲು ಮನೆಗೆ ಬರುವ ಸಿಗ್ನಲ್ ಯಾವುದು ನೋಡಿ. ಡಿಡಿ ಫ್ರೀ ಡಿಶ್‌ನ ಹೆಚ್ಚಿನ ಚಾನೆಲ್‌ಗಳು ಇನ್ನೂ ಎಸ್‌ಡಿ, ಅಂದರೆ ಚಿತ್ರದಲ್ಲಿ ಗರಿಷ್ಠ 720×576 ಚುಕ್ಕಿ (ಪಿಕ್ಸೆಲ್). ಎಚ್‌ಡಿ ಚಾನೆಲ್ ಆದರೆ 1920×1080, ಇದನ್ನೇ ಫುಲ್ ಎಚ್‌ಡಿ ಅನ್ನುವುದು. ಕೇಬಲ್, ಡಿಟಿಎಚ್‌ನಲ್ಲಿ 4ಕೆ ಇಲ್ಲವೆಂಬಷ್ಟು ಅಪರೂಪ. ಅದು ಸಿಗುವುದು ಓಟಿಟಿ, ಯೂಟ್ಯೂಬ್‌ನಲ್ಲಿ.

4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕಿಗಳಿವೆ. ಎಸ್‌ಡಿ ಚಿತ್ರದಲ್ಲಿರುವುದು ಬರೀ 4 ಲಕ್ಷ. ಮಿಕ್ಕದ್ದನ್ನು ಟಿವಿಯೇ ಊಹಿಸಿ ತುಂಬಬೇಕು. ಹಾಗಾಗಿ ದೊಡ್ಡ ಪರದೆಯಲ್ಲಿ ಸೀರಿಯಲ್ ಮುಖಗಳು ಕಲಸಿದಂತೆ ಕಾಣುತ್ತವೆ. ದುಡ್ಡು ಕೊಟ್ಟು ಮಬ್ಬು ತಂದ ಹಾಗೆ!

ದೂರವೂ ಲೆಕ್ಕಕ್ಕೆ ಬರುತ್ತದೆ. ಎಂಟು ಅಡಿ ಆಚೆ ಕೂತು ನೋಡಿದರೆ 43 ಇಂಚಿನಲ್ಲಿ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ.

ಬರೀ ಫ್ರೀ ಡಿಶ್ ಇದ್ದರೆ 32 ಇಂಚು ಧಾರಾಳ ಸಾಕು. ಓಟಿಟಿ ನೋಡುವವರಾದರೆ 43 ಇಂಚಿನ 4ಕೆ ತಗೊಳ್ಳಿ. ಆದರೆ ಹಳೇ ಎಸ್‌ಡಿ ಬಾಕ್ಸನ್ನೇ ಕೆಂಪು-ಬಿಳಿ-ಹಳದಿ ವೈರಿನಲ್ಲಿ ಸಿಕ್ಕಿಸಬೇಡಿ. ಎಚ್‌ಡಿ ಬಾಕ್ಸ್, ಎಚ್‌ಡಿಎಂಐ ಕೇಬಲ್ ಹಾಕಿಸಿ.