ಹತ್ತು ವಾರ, ಏಳು ಉಡುಗೊರೆ: ಮೊದಲು ಕುಣಿಕೆಗಳ ಲೆಕ್ಕ ಹಾಕೋಣ

ನಮಸ್ಕಾರ ಸಹೋದರಿ. ಐದು ವರ್ಷದ ಮಗಳನ್ನೂ ಒಂದೂವರೆ ವರ್ಷದ ಮಗನನ್ನೂ ನೋಡಿಕೊಳ್ಳುತ್ತಲೇ, ಶರತ್ಕಾಲ ಮುಗಿಯುವ ಹತ್ತು ವಾರಗಳೊಳಗೆ ನಿಮ್ಮ ತಂದೆ-ತಾಯಿಗೂ ಅತ್ತೆ-ಮಾವನಿಗೂ ಒಂದೊಂದು ಮಫ್ಲರ್, ಯಜಮಾನರಿಗೆ ಸ್ವೆಟರ್, ಚಳಿಗಾಲದ ಆರಂಭದಲ್ಲಿ ಹುಟ್ಟಲಿರುವ ನಾದಿನಿಯ ಕೂಸಿಗೆ ಹೊದಿಕೆ, ಮಗಳಿಗೆ ಟೊಪ್ಪಿ ಹೆಣೆಯಬೇಕೆಂದು ಬರೆದಿದ್ದೀರಿ. ಮಕ್ಕಳು ಮಲಗಿದ ಮೇಲೆ ವಾರದಲ್ಲಿ ನಾಲ್ಕು ರಾತ್ರಿ ಅರ್ಧರ್ಧ ಗಂಟೆ ಸಿಗುತ್ತದೆ, ಇದೆಲ್ಲ ಆಗುವ ಮಾತೇ, ಆಗುವುದಾದರೆ ಯಾವುದರಿಂದ ಶುರು ಮಾಡಲಿ ಎಂದೂ ಕೇಳಿದ್ದೀರಿ. ಪಟ್ಟಿ ಈಗಿರುವಂತೆ ಇದ್ದರೆ ಖಂಡಿತ ಆಗುವುದಿಲ್ಲ. ವಸ್ತುಗಳನ್ನು ಬದಲಿಸಿಕೊಂಡರೆ ಏಳು ಮಂದಿಯಲ್ಲಿ ಆರು ಮಂದಿಗೆ ಧಾರಾಳವಾಗಿ ಆಗುತ್ತದೆ. ಉಳಿದ ಒಬ್ಬರು ಯಾರೆಂಬುದನ್ನು ನೀವು ಬಹುಶಃ ಊಹಿಸಿರುತ್ತೀರಿ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹೆಣಿಗೆಯನ್ನು ವಸ್ತುಗಳ ಎಣಿಕೆಯಲ್ಲಿ ಯೋಚಿಸಬಾರದು, ಕಡ್ಡಿಯ ಮೇಲೆ ಒಂದೊಂದಾಗಿ ಹೆಣೆಯುವ ಕುಣಿಕೆಗಳ ಎಣಿಕೆಯಲ್ಲಿ ಯೋಚಿಸಬೇಕು ಎಂಬುದನ್ನು ನಾನು ಎರಡು ಶರತ್ಕಾಲಗಳನ್ನು ಕಳೆದುಕೊಂಡ ಮೇಲೆ ಕಲಿತೆ. ನಿಮ್ಮ ವಾರದ ಎರಡು ಗಂಟೆ ಹತ್ತು ವಾರಕ್ಕೆ ಇಪ್ಪತ್ತು ಗಂಟೆಯಾಗುತ್ತದೆ. ಆದರೆ ಹವೆ ತಂಪಾಗುವ ಈ ದಿನಗಳಲ್ಲಿ ಮಕ್ಕಳಿಗೆ ಒಬ್ಬರ ಹಿಂದೆ ಒಬ್ಬರಂತೆ ನೆಗಡಿ, ಕೆಮ್ಮು ಬರುವುದು ತಪ್ಪುವುದಿಲ್ಲವಾದ್ದರಿಂದ, ಅದರಲ್ಲಿ ಕಾಲು ಭಾಗವನ್ನು ಈಗಲೇ ಬಿಟ್ಟುಬಿಡಿ. ಉಳಿಯುವುದು ಹದಿನೈದು ಗಂಟೆ. ಒಂದು ನಿಮಿಷಕ್ಕೆ 20 ಕುಣಿಕೆ ಎಂದರೆ, ದಣಿದ ಕೈಗೆ ಅದು ನ್ಯಾಯವಾದ ವೇಗವೇ, ಗಂಟೆಗೆ 1,200. ಅಂದರೆ ಈ ಶರತ್ಕಾಲದಲ್ಲಿ ನಿಮ್ಮ ಬಳಿ ಇರುವ ಬಂಡವಾಳ ಸುಮಾರು 18,000 ಕುಣಿಕೆಗಳು.

ಈಗ ಮಫ್ಲರನ್ನು ನೋಡಿ. ಅದು ಸುಲಭ, ನೇರವಾಗಿ ಹೆಣೆದುಕೊಂಡು ಹೋದರಾಯಿತು ಎಂದು ಎಲ್ಲರೂ ಮೊದಲು ಅದಕ್ಕೇ ಕೈಹಾಕುತ್ತಾರೆ. ಸುಲಭವೆಂಬುದು ನಿಜ, ಚಿಕ್ಕದೆಂಬುದು ಸುಳ್ಳು. 4 ಮಿಲಿಮೀಟರ್ ಕಡ್ಡಿಯಲ್ಲಿ ಹೆಣೆಯುವ ಮಧ್ಯಮ ದಪ್ಪದ ಡಿಕೆ ದಾರದಲ್ಲಿ 10 ಸೆಂಟಿಮೀಟರ್ ಅಗಲಕ್ಕೆ ಸುಮಾರು 22 ಕುಣಿಕೆ ಬರುತ್ತದೆ. 20 ಸೆಂಟಿಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಗಾರ್ಟರ್ (ಎಲ್ಲ ಸಾಲನ್ನೂ ಸೀದಾ ಕುಣಿಕೆಯಲ್ಲೇ ಹೆಣೆಯುವ) ಮಫ್ಲರಿಗೆ 44 ಕುಣಿಕೆಯ 600 ಸಾಲು, ಅಂದರೆ 26,400 ಕುಣಿಕೆ ಬೇಕು. ನಾಲ್ಕು ಮಫ್ಲರಿಗೆ ಲಕ್ಷ ದಾಟುತ್ತದೆ. 100 ಸೆಂಟಿಮೀಟರ್ ಎದೆಸುತ್ತಳತೆಯ ಸ್ವೆಟರಿನಲ್ಲಿ ಕಂಕುಳಿನಿಂದ ಕೆಳಗಿನ ಭಾಗವೊಂದೇ ಹೆಚ್ಚುಕಡಿಮೆ ಒಂದು ಮಫ್ಲರಿನಷ್ಟು ತಿನ್ನುತ್ತದೆ, ತೋಳು ಬೇರೆ. ಕೂಸಿನ ಹೊದಿಕೆ 75 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದವಿದ್ದರೂ 59,000 ಮೀರುತ್ತದೆ.

ಹಾಗಾದರೆ ನಿಮ್ಮ 18,000ದಲ್ಲಿ ಏನು ಹಿಡಿಸುತ್ತದೆ? ತಂದೆಯವರಿಗೂ ಮಾವನವರಿಗೂ ದಪ್ಪ ಬಲ್ಕಿ ದಾರದ ಟೊಪ್ಪಿ ಹೆಣೆಯಿರಿ. 10 ಸೆಂಟಿಮೀಟರಿಗೆ 13 ಕುಣಿಕೆ ಬರುವ ದಾರವಾದರೆ 68 ಕುಣಿಕೆ ಹಾಕಿ ಸುಮಾರು 40 ಸುತ್ತು, ನೆತ್ತಿಯಲ್ಲಿ ಕುಣಿಕೆಗಳನ್ನು ಕಡಿಮೆ ಮಾಡಿ ಇಳಿಸುವುದನ್ನು ಕಳೆದರೆ ಒಂದಕ್ಕೆ 2,500 ಕುಣಿಕೆ. ತಾಯಿಯವರಿಗೂ ಅತ್ತೆಯವರಿಗೂ ಬೆರಳಿಲ್ಲದ ಕೈಗವಸು. ಡಿಕೆಗಿಂತ ಒಂದು ಹಂತ ದಪ್ಪದ ದಾರದಲ್ಲಿ, ಕೈಯೊಂದಕ್ಕೆ 36 ಕುಣಿಕೆಯ 45 ಸುತ್ತು ಮತ್ತು ಹೆಬ್ಬೆರಳಿನ ಪಟ್ಟಿ ಸೇರಿ ಜೊತೆಗೆ 3,500 ಆದೀತು. ಮಗಳ ಟೊಪ್ಪಿ ಅಜ್ಜಂದಿರ ದಾರದಲ್ಲೇ 60 ಕುಣಿಕೆಯದಾದರೆ 1,900. ಕೂಸಿನ ಕುಲಾವಿ ಡಿಕೆ ದಾರದಲ್ಲಿ 80 ಕುಣಿಕೆಯದು, 3,300. ಒಟ್ಟು 17,200. ನಿಟ್ (ಸೀದಾ), ಪರ್ಲ್ (ಉಲ್ಟಾ) ಕುಣಿಕೆಗಳನ್ನು ಸರದಿಯಂತೆ ಹಾಕುವ ರಿಬ್ಬಿಂಗ್ ಹೆಣೆಯುವಾಗ ದಾರವನ್ನು ಹಿಂದೆ ಮುಂದೆ ತರಬೇಕಾದ್ದರಿಂದ ವೇಗ ಸ್ವಲ್ಪ ತಗ್ಗುತ್ತದೆ, ಉಳಿದ 800 ಅದಕ್ಕೇ ಸರಿಹೋಗುತ್ತದೆ. ಯಜಮಾನರ ಸ್ವೆಟರಿಗೆ ಮುಂದಿನ ವರ್ಷದ ಶರತ್ಕಾಲವಿದೆ. ನಮ್ಮ ಮನೆಯವರು ಮೂರು ವರ್ಷ ಕಾದಿದ್ದಾರೆ, ಈವರೆಗೂ ಮುನಿಸಿಕೊಂಡಿಲ್ಲ.

ಮಕ್ಕಳಿಗೆ ಸ್ವೆಟರ್ ಬಿಟ್ಟು ಟೊಪ್ಪಿಯನ್ನೇ ಏಕೆ ಹೇಳುತ್ತಿದ್ದೇನೆಂದರೆ, ಮಗುವಿನ ಮೈಯಲ್ಲಿ ಮೊದಲ ವರ್ಷದ ನಂತರ ಅತಿ ನಿಧಾನವಾಗಿ ಬೆಳೆಯುವ ಭಾಗಗಳಲ್ಲಿ ತಲೆಯೂ ಒಂದು. ಒಂದು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 46 ಸೆಂಟಿಮೀಟರ್ ಇದ್ದರೆ ಐದು ವರ್ಷಕ್ಕೆ ಅದು 50-51 ಆಗುತ್ತದೆ, ಅದೇ ಅವಧಿಯಲ್ಲಿ ಎತ್ತರ 75ರಿಂದ 110ರ ಆಸುಪಾಸಿಗೆ ಏರಿರುತ್ತದೆ. ಸ್ವೆಟರಿನ ತೋಳು ಒಂದೇ ಚಳಿಗಾಲದಲ್ಲಿ ಮಣಿಕಟ್ಟು ಬಿಟ್ಟು ಮೇಲೇರುತ್ತದೆ, ಟೊಪ್ಪಿ ಎರಡು ಮೂರು ಚಳಿಗಾಲ ಬಾಳುತ್ತದೆ. ಟೊಪ್ಪಿ ತಲೆಗೆ ಹಿಡಿದು ಕೂರಬೇಕಾದರೆ ತಲೆಯ ಅಳತೆಗಿಂತ 4-5 ಸೆಂಟಿಮೀಟರ್ ಕಡಿಮೆ ಇರಬೇಕೆಂಬುದನ್ನು ಮಾತ್ರ ಮರೆಯಬೇಡಿ. ಮೇಲೆ ಹೇಳಿದ ಕುಣಿಕೆಗಳ ಸಂಖ್ಯೆಯಲ್ಲಿ ಅದನ್ನು ಆಗಲೇ ಕಳೆದಿದ್ದೇನೆ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂದು ಆಡಿಕೊಳ್ಳುತ್ತಾರೆ, ಆದರೆ ನಮ್ಮಂಥವರಿಗೆ ಮೊದಲೇ ಹೆಣೆಯದೆ ಬೇರೆ ದಾರಿಯಿಲ್ಲ. ಹುಟ್ಟಿದಾಗಿನ ಅಳತೆಗೆ ಮಾತ್ರ ಹೆಣೆಯಬೇಡಿ. ಹುಟ್ಟುವಾಗ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್ ಇರುತ್ತದೆ, ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂಟಿಮೀಟರಿನಂತೆ ಬೆಳೆಯುತ್ತದೆ. ಚಳಿಗಾಲದ ಆರಂಭದಲ್ಲಿ ಹುಟ್ಟಿದ ಕೂಸನ್ನು ಹೊರಗೆ ಕರೆದುಕೊಂಡು ಹೋಗುವ ಹೊತ್ತಿಗೆ ತಲೆ 40 ದಾಟಿರುತ್ತದೆ. 80 ಕುಣಿಕೆ ಎಂದು ನಾನು ಹೇಳಿದ್ದು ಆ ಅಳತೆಗೆ, ಮತ್ತು ಇಡೀ ಕುಲಾವಿಯನ್ನು ಎರಡು ನಿಟ್, ಎರಡು ಪರ್ಲಿನ ರಿಬ್ಬಿಂಗಿನಲ್ಲೇ ಹೆಣೆದರೆ ಅದು ಹಿಗ್ಗಿ ಕುಗ್ಗಿ ಹೆಚ್ಚು ತಿಂಗಳು ಹೊಂದಿಕೊಳ್ಳುತ್ತದೆ.

ಹೊದಿಕೆಯನ್ನು ಕೈಬಿಡಲು ಹೇಳುವುದಕ್ಕೆ ಕುಣಿಕೆಗಳ ಲೆಕ್ಕವಷ್ಟೇ ಕಾರಣವಲ್ಲ. ಒಂದು ವರ್ಷ ತುಂಬುವವರೆಗೆ ಕೂಸು ಮಲಗುವ ಜಾಗದಲ್ಲಿ ಸಡಿಲವಾದ ಹೊದಿಕೆ, ದಿಂಬು ಇರಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮನೆಯೊಳಗೆ ಮಲಗಿರುವ ಕೂಸಿಗೆ ಟೊಪ್ಪಿ ಹಾಕುವುದೂ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಸಲಹೆಯಲ್ಲಿ ಹೇಳಿದೆ, ಏಕೆಂದರೆ ಕೂಸಿನ ಮೈಯ ಹೆಚ್ಚಿನ ಶಾಖ ತಲೆಯಿಂದಲೂ ಹೊರಹೋಗಬೇಕು. ಕುಲಾವಿ ಕೊಡುವಾಗ ಇದು ಹೊರಗೆ ಹೋಗುವಾಗ ಹಾಕಲು ಎಂದು ನಾದಿನಿಯವರಿಗೆ ಒಂದು ಮಾತು ಹೇಳಿ. ಗದ್ದದ ಕೆಳಗೆ ಕಟ್ಟುವ ಉದ್ದನೆಯ ದಾರ ಬೇಡ. ಗುಂಡಿಗಳೂ ಬೇಡ, ಗೊಂಡೆಯೂ ಬೇಡ, ಮೂರು ವರ್ಷದೊಳಗಿನ ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುವ ಯಾವುದೂ ಬೇಡ. ಆಟಿಕೆಗಳ ಪರೀಕ್ಷೆಯಲ್ಲಿ ಬಳಸುವ ಕೊಳವೆಯ ಬಾಯಿ 31.7 ಮಿಲಿಮೀಟರ್ ಅಗಲ ಇರುತ್ತದೆ, ಅದರೊಳಗೆ ಪೂರ್ತಿ ಹಿಡಿಸುವ ವಸ್ತು ಚಿಕ್ಕ ಮಗುವಿನ ಗಂಟಲಿಗೆ ಅಪಾಯವೆಂದು ಎಣಿಸುತ್ತಾರೆ. ನಿಮ್ಮ ಗುಂಡಿಡಬ್ಬಿಯಲ್ಲಿರುವ ಹೆಚ್ಚಿನ ಗುಂಡಿಗಳು ಅದಕ್ಕಿಂತ ಚಿಕ್ಕವು.

ಎರಡು ಬಣ್ಣದ ವಿನ್ಯಾಸವನ್ನು ಕೂಸಿನ ಕೈಗವಸಿಗೋ ಕಾಲುಚೀಲಕ್ಕೋ ಹಾಕುವ ಆಸೆ ಯಾರಿಗಾದರೂ ಇದ್ದರೆ ಇಲ್ಲೇ ಹೇಳಿಬಿಡುತ್ತೇನೆ: ಒಳಮೈಯಲ್ಲಿ ಅಡ್ಡಲಾಗಿ ಹಾಯುವ ಸಡಿಲ ಎಳೆ ಕೂಸಿನ ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ನಿಲ್ಲಿಸಬಹುದು. ಒಂದೇ ಬಣ್ಣದಲ್ಲಿ ಹೆಣೆದು, ದಾರದ ತುದಿಗಳನ್ನು ಸೂಜಿಯಿಂದ ಒಳಗೆ ಗಟ್ಟಿಯಾಗಿ ಸೇರಿಸಿ, ಕೊಡುವ ಮೊದಲು ತಿರುವಿ ಹಾಕಿ ಬೆರಳಾಡಿಸಿ ನೋಡಬೇಕು.

ಇನ್ನು ಅಡಚಣೆಯ ಮಾತು. ನಿಮಗೆ ಸಿಗುವ ಅರ್ಧ ಗಂಟೆ ಅಖಂಡವಾಗಿರುವುದಿಲ್ಲ ಎಂಬುದು ನನಗೆ ಗೊತ್ತು. ಸಾಲಿನ ನಡುವೆ ಎದ್ದು ಹೋಗಬೇಕಾಗುತ್ತದೆ, ಆದ್ದರಿಂದ ನೋಡಿದ ಕೂಡಲೇ ಎಲ್ಲಿದ್ದೇನೆಂದು ತಿಳಿಯುವ ಹೆಣಿಗೆಯನ್ನೇ ಆರಿಸಿಕೊಳ್ಳಬೇಕು, ಚಾರ್ಟ್ ಹಿಡಿದು ಎಣಿಸುವ ಜಾಲರಿ ವಿನ್ಯಾಸ ಈಗ ಬೇಡ. ನಡುವೆ ಬಿಟ್ಟು ಬಂದ ಕೆಲಸವನ್ನು ಕೈಗೆತ್ತಿಕೊಂಡಾಗ ಯಾವ ದಿಕ್ಕಿಗೆ ಹೋಗುತ್ತಿದ್ದೆ ಎಂಬ ಗೊಂದಲ ಬಂದರೆ, ಉಂಡೆಯಿಂದ ಬರುವ ದಾರ ಯಾವ ಕಡ್ಡಿಯ ಕುಣಿಕೆಗೆ ಅಂಟಿದೆಯೋ ಆ ಕಡ್ಡಿ ಬಲಗೈಗೆ ಬರಬೇಕು. ಕುರುಡು ಸೂತ್ರವಾದರೂ ನಿದ್ದೆಗಣ್ಣಿನಲ್ಲಿ ಕೆಲಸಕ್ಕೆ ಬರುತ್ತದೆ. ಉದ್ದನೆಯ ನೇರ ಕಡ್ಡಿಗಳನ್ನು ಪೆಟ್ಟಿಗೆಗೆ ಹಾಕಿ, ಎರಡು ಗಿಡ್ಡ ಕಡ್ಡಿಗಳನ್ನು ಬಾಗುವ ತಂತಿಯಿಂದ ಜೋಡಿಸಿದ ಸರ್ಕ್ಯುಲರ್ ಕಡ್ಡಿಗೆ ಬನ್ನಿ. ಕುಣಿಕೆಗಳು ನಡುವಿನ ತಂತಿಯ ಮೇಲೆ ಕುಳಿತಿರುವುದರಿಂದ ಜಾರುವುದು ಕಡಿಮೆ, ಚೂಪಾದ ತುದಿ ಹೊರಗೆ ಚಾಚಿಕೊಂಡಿರುವುದಿಲ್ಲ. ಅಜ್ಜಂದಿರ ಟೊಪ್ಪಿಗೂ ಮಗಳ ಟೊಪ್ಪಿಗೂ 40 ಸೆಂಟಿಮೀಟರಿನದು ಸಾಕು, ನೆತ್ತಿಯ ಇಳಿಕೆ ಬಂದಾಗ ಮಾತ್ರ 80 ಸೆಂಟಿಮೀಟರಿನದಕ್ಕೆ ಬದಲಾಯಿಸಿ ತಂತಿಯನ್ನು ಬಳೆಯಂತೆ ಹೊರಗೆಳೆದುಕೊಂಡು ಹೆಣೆಯಬಹುದು.

ನನ್ನ ಮಗನಿಗೆ ನಿಮ್ಮ ಮಗನಷ್ಟೇ ವಯಸ್ಸಾಗಿದ್ದಾಗ, ಬಾಗಿಲು ತೆರೆಯಲೆಂದು ಹೆಣಿಗೆಯನ್ನು ಸೋಫಾದ ಮೇಲಿಟ್ಟು ಎದ್ದು ಹೋಗಿ ಬರುವಷ್ಟರಲ್ಲಿ ಅವನು ಕಡ್ಡಿಯೊಂದನ್ನು ಎಳೆದುಕೊಂಡು ಅಡುಗೆಮನೆಯ ಕಡೆಗೆ ಓಡಿದ್ದ. ಎಪ್ಪತ್ತು ಚಿಲ್ಲರೆ ಕುಣಿಕೆಗಳು ಬಾಯಿ ತೆರೆದುಕೊಂಡು ನಿಂತಿದ್ದವು. ಅಂಥ ಹೊತ್ತಿನಲ್ಲಿ ಬಟ್ಟೆಯನ್ನು ಎತ್ತಬಾರದು, ಎಳೆಯಬಾರದು. ಹರವಿ ಇಟ್ಟು, ಎರಡು ಅಳತೆ ತೆಳ್ಳಗಿನ ಕಡ್ಡಿಯನ್ನು ತಂದು ಒಂದೊಂದೇ ಕುಣಿಕೆಯನ್ನು ಹಿಡಿಯಬೇಕು. ತಿರುಚಿ ಕೂತಿದ್ದರೂ ಚಿಂತೆಯಿಲ್ಲ, ಮುಂದಿನ ಸುತ್ತಿನಲ್ಲಿ ಕುಣಿಕೆಯ ಬಲಬದಿಯ ಎಳೆ ಕಡ್ಡಿಯ ಮುಂದೆ ಬರುವಂತೆ ನೇರ ಮಾಡಿಕೊಳ್ಳಬಹುದು. ಉಣ್ಣೆಯ ದಾರಕ್ಕೆ ಒಂದಿಷ್ಟು ಅಂಟುಗುಣವಿರುವುದರಿಂದ ನನ್ನದರಲ್ಲಿ ನಾಲ್ಕು ಕುಣಿಕೆ ಮಾತ್ರ ಕೆಳಗಿಳಿದಿದ್ದವು, ನುಣುಪಾದ ಹತ್ತಿ ಅಥವಾ ಅಕ್ರಿಲಿಕ್ ಆಗಿದ್ದರೆ ಆ ರಾತ್ರಿ ಎಲ್ಲವನ್ನೂ ಬಿಚ್ಚಬೇಕಾಗುತ್ತಿತ್ತು. ಅಂದಿನಿಂದ ಹತ್ತು ಸುತ್ತಿಗೊಮ್ಮೆ ಬೇರೆ ಬಣ್ಣದ ತೆಳು ಹತ್ತಿದಾರವನ್ನು ಸೂಜಿಯಲ್ಲಿ ಪೋಣಿಸಿ, ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳೊಳಗೆ ಹಾಯಿಸಿಡುತ್ತೇನೆ. ಏನೇ ಆದರೂ ಹೆಣಿಗೆ ಆ ದಾರದಿಂದ ಕೆಳಗೆ ಬಿಚ್ಚಿಕೊಳ್ಳುವುದಿಲ್ಲ. ಮತ್ತು ಚೀಲವನ್ನು ಗೂಟಕ್ಕೆ ನೇತುಹಾಕುತ್ತೇನೆ, ಸೋಫಾಕ್ಕಲ್ಲ.

ಬಣ್ಣದ ಬಗ್ಗೆಯೂ ಒಂದು ಮಾತು. ವಿಷುವ ದಿನದ ಆಸುಪಾಸಿನಲ್ಲಿ ಹಗಲು ಅತಿ ವೇಗವಾಗಿ ಮೊಟಕಾಗುತ್ತದೆ, ನಿಮ್ಮ ಹೆಣಿಗೆ ಬಹುಪಾಲು ದೀಪದ ಬೆಳಕಿನಲ್ಲೇ ನಡೆಯಬೇಕು. ಕಪ್ಪು, ಕಡುನೀಲಿ ದಾರದಲ್ಲಿ ರಾತ್ರಿ ಕುಣಿಕೆ ಕಾಣುವುದಿಲ್ಲ. ಅಜ್ಜಂದಿರಿಗೆ ಗಾಢ ಬಣ್ಣವೇ ಬೇಕೆಂದಿದ್ದರೆ ಬೂದು ಅಥವಾ ಸಾಸಿವೆ ಬಣ್ಣಕ್ಕೆ ಅವರನ್ನು ಒಪ್ಪಿಸಿ.

ಮಗಳನ್ನು ದೂರವಿಟ್ಟರೆ ಅವಳು ನಿಮ್ಮ ಸಮಯವನ್ನು ಕಸಿದುಕೊಳ್ಳುತ್ತಾಳೆ, ಸೇರಿಸಿಕೊಂಡರೆ ಸ್ವಲ್ಪವಾದರೂ ಹಿಂದಿರುಗಿಸುತ್ತಾಳೆ. ಐದು ವರ್ಷದ ಮಗುವಿಗೆ ಕಡ್ಡಿ ಕೊಡುವುದಕ್ಕೆ ಆತುರ ಬೇಡ, ಎಡಗೈಯ ನಾಲ್ಕು ಬೆರಳಿಗೆ ದಾರ ಸುತ್ತಿ ಕೆಳಗಿನ ಎಳೆಯನ್ನು ಮೇಲಿನದರ ಮೇಲಿಂದ ದಾಟಿಸುವ ಬೆರಳು ಹೆಣಿಗೆಯನ್ನು ಅವಳು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾಳೆ. ಅವಳು ಹೆಣೆದ ಹುರಿಯಿಂದಲೇ ಉಡುಗೊರೆಯ ಪೊಟ್ಟಣಗಳನ್ನು ಕಟ್ಟಬಹುದು. ಅಜ್ಜಂದಿರ ಟೊಪ್ಪಿಯ ಗೊಂಡೆಗೆ ರಟ್ಟಿನ ಮೇಲೆ ದಾರ ಸುತ್ತುವ ಕೆಲಸವನ್ನೂ ಅವಳಿಗೇ ಬಿಡಿ. ನಡುವಿನ ಗಂಟನ್ನು ಮಾತ್ರ ನೀವು ಬಿಗಿಯಿರಿ, ಇಲ್ಲದಿದ್ದರೆ ಗೊಂಡೆ ಎಳೆಎಳೆಯಾಗಿ ಮನೆ ತುಂಬುತ್ತದೆ. ಎಳೆಯ ಕೂಸು ಬಂದುಹೋಗುವ ಮನೆಯಾದರೆ ಟೊಪ್ಪಿಗೆ ಗೊಂಡೆ ಇಲ್ಲದಿರುವುದೇ ಒಳ್ಳೆಯದು.

ದಾರ ಕೊಳ್ಳುವಾಗ, ತೊಳೆಯುವವರು ಯಾರು ಎಂದು ಯೋಚಿಸಿ. ಸಾದಾ ಉಣ್ಣೆಯ ಎಳೆಯ ಮೇಲಿನ ಸೂಕ್ಷ್ಮ ಪೊರೆಗಳು ಬಿಸಿನೀರು ಮತ್ತು ಉಜ್ಜುವಿಕೆಯಿಂದ ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ನಾನು ಕೊಟ್ಟ ಒಂದು ಟೊಪ್ಪಿ ಹೀಗೆ ಮೊದಲ ತೊಳೆತದಲ್ಲೇ ಗೊಂಬೆಯ ಅಳತೆಗೆ ಬಂದಿತ್ತು, ಹೇಗೆ ತೊಳೆಯಬೇಕೆಂದು ಕೊಟ್ಟ ನಾನೇ ಹೇಳಿರಲಿಲ್ಲ, ತೊಳೆದವರನ್ನು ದೂರಿ ಫಲವಿಲ್ಲ. ಕೂಸಿನ ತಾಯಿಗೆ ಕೈಯಲ್ಲಿ ಜಾಗರೂಕತೆಯಿಂದ ಒಗೆಯುವಷ್ಟು ಬಿಡುವಿರುವುದಿಲ್ಲ, ಆದ್ದರಿಂದ ಯಂತ್ರದಲ್ಲಿ ತೊಳೆಯಬಹುದಾದ ಸೂಪರ್‌ವಾಶ್ ಉಣ್ಣೆ ಅಥವಾ ಮೆತ್ತನೆಯ ಹತ್ತಿಯೇ ಸರಿ. ಸೂಪರ್‌ವಾಶ್ ದಾರ ನೆನೆದಾಗ ಹಿಗ್ಗುತ್ತದೆ, ಹಾಗಾಗಿ ಮಾದರಿ ತುಂಡನ್ನು ತೊಳೆದು ಒಣಗಿಸಿದ ಮೇಲೆಯೇ ಅಳೆಯಬೇಕು. 10 ಸೆಂಟಿಮೀಟರಿಗೆ 22 ಬರಬೇಕಾದಲ್ಲಿ 20 ಬಂದರೆ 100 ಕುಣಿಕೆಯ ಟೊಪ್ಪಿ 45.5ರ ಬದಲು 50 ಸೆಂಟಿಮೀಟರ್ ಆಗುತ್ತದೆ. ತೊಳೆಯುವ ಕ್ರಮವನ್ನು ಚೀಟಿಯಲ್ಲಿ ಬರೆದು, ರಿಪೇರಿಗೆ ಬೇಕಾದೀತೆಂದು ಎರಡು ಮೀಟರ್ ದಾರವನ್ನು ಅದಕ್ಕೇ ಸುತ್ತಿ ಕೊಡಿ. ಈ ಹವೆಯಲ್ಲಿ ದಪ್ಪ ಹೆಣಿಗೆ ಒಣಗಲು ಎರಡು ಮೂರು ದಿನವಾದರೂ ಹಿಡಿಯುವುದರಿಂದ ಕೊನೆಯ ವಾರದಲ್ಲಿ ಹೆಣಿಗೆ ಇಟ್ಟುಕೊಳ್ಳಬೇಡಿ.

ಯಾವುದರಿಂದ ಶುರು ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ, ಮಾವನವರ ಟೊಪ್ಪಿ. ಕೂಸಿನ ಕುಲಾವಿ ಎರಡನೆಯದು, ಏಕೆಂದರೆ ಹೆರಿಗೆ ನಮ್ಮ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಕೈಗವಸುಗಳಲ್ಲಿ ಒಂದನ್ನು ಮುಗಿಸಿದ ರಾತ್ರಿಯೇ ಅದರ ಜೊತೆಯದಕ್ಕೆ ಕುಣಿಕೆ ಹಾಕಿಟ್ಟು ಮಲಗಿ, ವಾರ ಕಳೆದರೆ ಕೈಯ ಬಿಗಿ ಬದಲಾಗಿ ಎರಡೂ ಬೇರೆ ಬೇರೆ ಅಳತೆಗೆ ಬರುತ್ತವೆ. ಟೊಪ್ಪಿ ಮೊದಲು ಎಂದಿದ್ದಕ್ಕೆ ಇನ್ನೊಂದು ಕಾರಣವಿದೆ. ದಪ್ಪ ದಾರದಲ್ಲಿ ಮಾದರಿ ತುಂಡು ಹೆಣೆಯುವುದಕ್ಕಿಂತ ಟೊಪ್ಪಿಯನ್ನೇ ನೇರವಾಗಿ ಆರಂಭಿಸಿ, 6 ಸೆಂಟಿಮೀಟರ್ ಆದ ಮೇಲೆ ಅಳೆದು ನೋಡುವುದು ಲಾಭ. ಮಾವನವರಿಗೆ ದೊಡ್ಡದಾಯಿತೆಂದು ಕಂಡರೆ ಬಿಚ್ಚಬೇಡಿ, ಹಾಗೆಯೇ ಮುಗಿಸಿ ಯಜಮಾನರ ತಲೆಗಿಟ್ಟು ನೋಡಿ.